ಸ್ಕ್ರೋಲ್ ಲಾಕ್

“ನಿಮ್ಮ ಪ್ಲಗಿನ್‌ಗೆ ಬೀಜಗಣಿತ ಬರಾಂಗಿಲ್ರಿ ಮೇಡಂ, ಕಿತ್ತು ಒಗೀರಿ,” ಎಂದರು ಗಣಿತ ವಿಭಾಗದ ಮುಖ್ಯಸ್ಥ ಪಂಚಾಕ್ಷರಪ್ಪ. ಉಪನ್ಯಾಸಕಿ ಅಮೃತಾ ವಿಭಾಗದ ಕಂಪ್ಯೂಟರಿಗೆ ಸೂತ್ರ ಬಿಡಿಸುವ ಹೊಸ ಪ್ಲಗಿನ್ ಹಾಕಿದ್ದಳು. ಆದರೆ (a+b)² ವಿಸ್ತರಿಸಲು ಟೈಪ್ ಮಾಡಿದಾಗಲೆಲ್ಲ ಪರದೆಯ ಮೇಲೆ ಅರ್ಥವಿಲ್ಲದ ಗೀಚು ಮೂಡುತ್ತಿತ್ತು.

ಅವಳ ಕಣ್ಣು ಕೀಬೋರ್ಡಿನ ಮೂಲೆಯ ಸ್ಕ್ರೋಲ್ ಲಾಕ್ ದೀಪದ ಮೇಲೆ ಬಿತ್ತು. ಅಲ್ಲಿನ ಕನ್ನಡ ತಂತ್ರಾಂಶದಲ್ಲಿ ಅದು ಉರಿಯುತ್ತಿದ್ದರೆ ಕೀಲಿಗಳೆಲ್ಲ ಕನ್ನಡಕ್ಕೆ ಹೊರಳುತ್ತವೆ. ಕೂಡ್ಲಿಗಿಯಲ್ಲಿ ನಾಳೆ ತಮಗಾಗುವ ಸನ್ಮಾನದ ಬಿನ್ನವತ್ತಳೆಯನ್ನು ಪಂಚಾಕ್ಷರಪ್ಪ ಬೆಳಿಗ್ಗೆ ಇದೇ ಕಂಪ್ಯೂಟರಿನಲ್ಲಿ ತಾವೇ ಕೂತು ಟೈಪ್ ಮಾಡಿದ್ದರು. ತಮ್ಮನ್ನು ‘ಗಣಿತ ಸಾಮ್ರಾಟ’ ಎಂದು ಹೊಗಳಿಕೊಂಡ ಖುಷಿಯಲ್ಲಿ ದೀಪ ಆರಿಸುವುದನ್ನೇ ಮರೆತಿದ್ದರು.

ಅಮೃತಾ ಕೀಲಿ ಒತ್ತಿ ದೀಪ ಆರಿಸಿ, ಮತ್ತೆ ಟೈಪ್ ಮಾಡಿದಳು. ಈ ಸಲ ಪ್ಲಗಿನ್ ಪೂರ್ತಿ ಸೂತ್ರವನ್ನೇ ಬಿಡಿಸಿಟ್ಟಿತು.

“ಇಷ್ಟನಾ? ಇದು ನನಗ ಬಾಯಿಪಾಠ ಐತಿ,” ಎಂದು ಪಂಚಾಕ್ಷರಪ್ಪ ಮೂಗು ಮುರಿದರು.

ಅವಳು ದೀಪವನ್ನು ಮತ್ತೆ ಹೊತ್ತಿಸಿ, ಕುರ್ಚಿ ಬಿಟ್ಟು ಎದ್ದಳು. “ಹಂಗಾರ ಬರ್ರಿ ಸರ್, ಬಿನ್ನವತ್ತಳ್ಯಾಗ ಅದನ್ನೂ ಬರ್ಕೊಳ್ರಿ.”