ಏರಿನಲ್ಲಿ ಮುಗ್ಗರಿಸುವ ಗಾಡಿ

ರೇಣವ್ವ ಅಪ್ಪನ ಗ್ಯಾರೇಜಿನಲ್ಲಿ ಕುಳಿತು ಎಡಗೈಯಿಂದ ಪಾನಾ, ಸ್ಪ್ಯಾನರುಗಳನ್ನು ಒರೆಸುತ್ತಿದ್ದಳು, ಬಲಗೈ ಬಾತುಕೊಂಡಿತ್ತು. ಗಂಡನ ಟರ್ಬೊ ಪಿಕಪ್ ಕೆಟ್ಟಾಗ ಮಾತ್ರ ಅವಳಿಗೆ ತವರಿನ ದರ್ಶನ. ಮೆಕ್ಯಾನಿಕ್ ಮಾವ ಪುಕ್ಕಟೆ ರಿಪೇರಿ ಮಾಡುತ್ತಾನಲ್ಲ!

"ಏರು ಬಂದ್ರ ಸಾಕು, ನಿಮ್ಮ ಮಗಳಂಗ ಮುಗ್ಗರಸ್ತೈತಿ," ಎಂದ ಗಂಡ.

ಅಪ್ಪ ಇಂಜೆಕ್ಟರುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕಡೆಗೆ ಫಿಲ್ಟರ್ ಬಿಚ್ಚಿದ. "ಮತ್ತ ಡೀಸೆಲ್‌ನ್ಯಾಗ ನೀರು! ಎಲ್ಲಿ ತುಂಬಸ್ತೀರಿ, ಅಳಿಯದೇವ್ರ?"

"ಆ ಬಂಕಿನವನ್ನ ಬಿಡಂಗಿಲ್ಲ. ಸಂಜೀಕ ಹೊಂಟೇವಿ, ಲಗೂನ ಮುಗಸ್ರಿ," ಎಂದು ಅವನು ಚಹಾದಂಗಡಿಗೆ ನಡೆದ.

ಅಪ್ಪ ಟ್ಯಾಂಕು ಖಾಲಿ ಮಾಡಿ ಒರೆಸಿದ. ಮಗಳ ಬಾತ ಕೈ ಕಣ್ಣಿಗೆ ಬಿತ್ತು. "ಸಂಸಾರಂದ್ರ ಹಿಂಗ ಇರತೈತವ್ವ," ಎಂದವನೇ ಹೊಸ ಡೀಸೆಲ್ಲಿನ ಡಬ್ಬಿ ಎತ್ತಿದ.

"ಡೀಸೆಲ್‌ನ್ಯಾಗ ನೀರು ಹಾಕಿದಾಕಿ ನಾನಪ್ಪಾ," ಎಂದಳು ರೇಣವ್ವ.

ಅಪ್ಪ ಡೀಸೆಲ್ ಸುರಿಯುತ್ತಲೇ ಇದ್ದ.

"ಈ ಸಲ ಸರಿ ಮಾಡಬ್ಯಾಡ."