ಇನ್ನೊಂದು ಅಡ್ಮಿಷನ್

ಇನ್ನೊಂದು ಅಡ್ಮಿಷನ್ ಆಗದಿದ್ದರೆ ಎಂ.ಕಾಂ. ಮುಚ್ಚುತ್ತೇವೆ, ಆಮೇಲೆ ನೀವೂ ಬರಬೇಕಾಗಿಲ್ಲ ಎಂದು ಪ್ರಿನ್ಸಿಪಾಲರು ಅತಿಥಿ ಉಪನ್ಯಾಸಕರೊಬ್ಬರಿಗೆ ಹೇಳಿಬಿಟ್ಟಿದ್ದರು. ಕೊನೆಯ ದಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಾಗ ಅವರಿಗೆ ಹೋದ ಜೀವ ಬಂದಂತಾಯಿತು.

“ಸೀರೆ ಅಂಗಡೀಲಿ ಬಿಲ್ ಹಾಕೋ ಕೆಲಸಕ್ಕೆ ಕರೀತಿದ್ದಾರೆ ಸರ್. ಅದನ್ನ ಬಿಟ್ಟು ಎಂ.ಕಾಂ. ಸೇರ್ಲಾ? ಮುಗಿಸಿದ್ರೆ ಒಳ್ಳೇ ಕೆಲಸ ಸಿಗುತ್ತಾ?”

ಹೂಂ ಅಂದಿದ್ದರೆ ಸಾಕಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ನನ್ನ ಹತ್ರ ಓದಿದೋರಲ್ಲಿ ಯಾರಿಗೂ ಸಿಕ್ಕಿಲ್ಲಮ್ಮಾ. ಸುಮ್ಮನೆ ಆ ಅಂಗಡಿಗೆ ಹೋಗು.”

ಅವಳು ಕೈಮುಗಿದು ಹೊರಟಳು. ಗೇಟು ದಾಟುವಷ್ಟರಲ್ಲಿ ಅವರು ಏದುಸಿರು ಬಿಡುತ್ತಾ ಹಿಂದೆಯೇ ಓಡಿ ಬಂದರು.

“ಸೇರ್ಕೋಬೇಕಾ ಸರ್?”

“ಬೇಡಮ್ಮಾ. ಆ ಅಂಗಡೀಲಿ ಇನ್ನೊಬ್ಬರು ಬೇಕಾ ಅಂತ ಕೇಳಿ ನೋಡ್ತೀಯಾ? ಬಿಲ್ ಹಾಕೋಕೆ ನಂಗೂ ಬರುತ್ತೆ.”