ಕೊಠಡಿಯ ಉಷ್ಣತೆ

“ನೀನು ಪ್ರಯೋಗವನ್ನೇ ಮಾಡಿಲ್ಲ. ಮನಸ್ಸಿಗೆ ಬಂದದ್ದು ಬರೆದಿದ್ದಿ,” ಎಂದು ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ ಗ್ಲಾಡ್ವಿನ್ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ತಳ್ಳಿದರು. ಕೊಠಡಿಯ ಉಷ್ಣತೆಯಲ್ಲಿ, ಆಮ್ಲ ಬೆರೆಸಿದ ಕೋಬಾಲ್ಟ್ ಕ್ಲೋರೈಡ್ ದ್ರಾವಣದ ಬಣ್ಣ: ನೀಲಿ. ಅಕ್ಷಿತಾಳ ಆ ಒಂದು ಪದದ ಸುತ್ತ ಕೆಂಪು ವೃತ್ತವಿತ್ತು, ಪಕ್ಕದಲ್ಲಿ ಸೊನ್ನೆ.

“ಕಂಡದ್ದನ್ನೇ ಬರೆದೆ ಸರ್.”

“ಇಡೀ ಕ್ಲಾಸು ಗುಲಾಬಿ ಅಂತ ಬರೆದಿದೆ. ನಿನ್ನ ಕಣ್ಣು ಮಾತ್ರ ಸ್ಪೆಷಲ್ಲಾ?”

“ಅವರು ಪುಸ್ತಕ ನೋಡಿ ಬರೆದರು ಸರ್. ನಾನು ಟ್ಯೂಬ್ ನೋಡಿ ಬರೆದೆ.”

ಮಸ್ಕತ್ತಿನ ಬೌಷರ್ ಬಡಾವಣೆಯ ಕಚೇರಿಯಿಂದ ಅರ್ಧ ದಿನದ ರಜೆ ಹಾಕಿ ಬಂದಿದ್ದ ತಾಯಿ ಲೋಲಾಕ್ಷಿ ಮಗಳ ಮೊಣಕೈ ಚಿವುಟಿದಳು. “ಸರ್ ಹತ್ರ ಎಂತ ವಾದ ನಿಂದು? ಸಾರಿ ಹೇಳಿ ಸಹಿ ಹಾಕು ಮಾರಾಯ್ತಿ.” ಸುಳ್ಳು ಬರೆದೆನೆಂದು ಒಪ್ಪಿ ಸಹಿ ಮಾಡಿದರೆ ಮರುಪರೀಕ್ಷೆ, ಇಲ್ಲವಾದರೆ ಸೊನ್ನೆಯೇ ಶಾಶ್ವತವೆಂದು ಗ್ಲಾಡ್ವಿನ್ ಆಗಲೇ ತಿಳಿಸಿದ್ದರು.

“ಹಾಕುವುದಿಲ್ಲ ಅಮ್ಮ.” ಅಕ್ಷಿತಾ ಸಹಿಯ ಕಾಗದವನ್ನು ದೂರ ಸರಿಸಿದಳು. “ಆ ದ್ರಾವಣದಲ್ಲಿ ಗುಲಾಬಿಯೂ ಇರ್ತದೆ, ನೀಲಿಯೂ ಇರ್ತದೆ. ತಂಪಾದರೆ ಗುಲಾಬಿಯ ಕೈ ಮೇಲು, ಬಿಸಿಯಾದರೆ ನೀಲಿಯದ್ದು. ಸರ್ ಕಲಿಸಿದ್ದೇ ಇದು. ಲ್ಯಾಬಿನ ಎಸಿ ಕೆಟ್ಟು ತಿಂಗಳಾಯ್ತು. ಮೇ ತಿಂಗಳ ಮಸ್ಕತ್ತಿನಲ್ಲಿ ಎಸಿ ಇಲ್ಲದ ಕೊಠಡಿಗೆ ಎಷ್ಟು ಉಷ್ಣತೆ, ಸರ್?”

“ಎಸಿಯ ಸುದ್ದಿ ಇಲ್ಲಿ ಬೇಡ!” ಗ್ಲಾಡ್ವಿನ್ ದುಡುದುಡನೆ ಹೊರನಡೆದರು. ಪಕ್ಕದ ಪ್ರಯೋಗಾಲಯದಿಂದ ದ್ರಾವಣದ ಪ್ರನಾಳವನ್ನು ತಂದು, ಕತ್ತಿನ ಬೆವರನ್ನು ಒರೆಸಿಕೊಳ್ಳುತ್ತ, ಅದನ್ನು ತಮ್ಮ ಕೋಣೆಯ ಎಸಿಯ ಬಾಯಿಗೆ ನೇರವಾಗಿ ಹಿಡಿದು ನಿಂತರು. ನೀಲಿ ಮೊದಲು ನೇರಳೆಯಾಯಿತು. ಆಮೇಲೆ, ಆಣತಿಗೆ ತಲೆಬಾಗಿದಂತೆ, ಗುಲಾಬಿ.

“ನೋಡಿ ಮೇಡಂ. ಇದು ಎಂತ ಬಣ್ಣ? ನೀವೇ ಹೇಳಿ.”

ಲೋಲಾಕ್ಷಿ ಪ್ರನಾಳವನ್ನು ನೋಡಿದಳು, ಮಗಳನ್ನು ನೋಡಿದಳು. “ತರುವಾಗ ನೀಲಿ ಇತ್ತಲ್ಲ ಸರ್?”

“ಅದೆಲ್ಲ ಬಿಡಿ. ಈಗ ಎಂತ ಬಣ್ಣ?”

ಅಕ್ಷಿತಾ ಅವರ ಕೈಯಿಂದ ಪ್ರನಾಳವನ್ನು ತೆಗೆದುಕೊಂಡು ಬಾಗಿಲನ್ನು ಪೂರ್ತಿ ತೆರೆದಳು. ಒಲೆಯ ಮುಚ್ಚಳ ತೆಗೆದಂತೆ ಬಿಸಿಗಾಳಿ ಒಳನುಗ್ಗಿತು. ಅವಳು ಬಿಸಿಲಿಗೆ ಇಳಿದು ನಿಂತಳು. “ಬನ್ನಿ ಸರ್. ನಾವು ಪರೀಕ್ಷೆ ಬರೆದ ಶಾಖದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ.”

ಲೋಲಾಕ್ಷಿ ಕೈಚೀಲವನ್ನು ಎತ್ತಿಕೊಂಡು ಹೋಗಿ ಮಗಳ ಪಕ್ಕದಲ್ಲಿ ನಿಂತಳು. ಸಹಿಗೆಂದು ಇಟ್ಟಿದ್ದ ಕಾಗದ ಗಾಳಿಗೆ ಹಾರಿ ನೆಲಕ್ಕೆ ಬಿತ್ತು.

ಗ್ಲಾಡ್ವಿನ್ ಎಸಿಯ ಮುಂದಿನಿಂದ ಕದಲಲಿಲ್ಲ.

“ಮೊದಲು ಆ ಬಾಗಿಲು ಹಾಕಿ!” ಎಂದು ಕೂಗಿದರು. “ತಂಪೆಲ್ಲ ಹೊರಗೆ ಹೋಗ್ತದೆ.”